ಹಲ್ಲಿನ ತಂತಿಯೂ ದವಡೆಯ ಕೀಲೂ

ಹಲ್ಲಿನ ಸಾಲನ್ನು ನೇರಗೊಳಿಸುವ ಚಿಕಿತ್ಸೆಯು ಶಾಲೆಗೆ ಹೋಗುವ ಮಕ್ಕಳಿಗೆ ಮಾತ್ರ ಸಲ್ಲತಕ್ಕದ್ದೆಂದು ನಮ್ಮ ಜನ ತಿಳಿದಿದ್ದ ಕಾಲ ಈಗ ಹಿಂದೆ ಸರಿದಿದೆ. ಮಗಳಿಗೆ ಕ್ಲಿಪ್ಪು ಹಾಕಿಸಲೆಂದು ಬಂದ ತಾಯಿ ತಾನೂ ಹಾಕಿಸಿಕೊಳ್ಳುವುದೂ, ಬಾಲ್ಯದಲ್ಲಿ ಹಣವಿಲ್ಲದೆ ಉಳಿದುಹೋದ ಆಸೆಯನ್ನು ಸ್ವಂತ ಸಂಪಾದನೆ ಬಂದ ಮೇಲೆ ತೀರಿಸಿಕೊಳ್ಳಲು ನಲವತ್ತರ ಗೃಹಸ್ಥನು ಮುಂದಾಗುವುದೂ ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ದಂತಚಿಕಿತ್ಸಾಲಯಗಳಲ್ಲಿ ನಿತ್ಯದ ನೋಟವಾಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಹಲ್ಲು ಬೇರೂರಿದ ಮೂಳೆಯಲ್ಲಿ ಸವೆಯುವ ಮತ್ತು ಹೊಸದಾಗಿ ಕಟ್ಟಿಕೊಳ್ಳುವ ಕ್ರಿಯೆ ಆಯುಷ್ಯವಿರುವವರೆಗೂ ನಡೆಯುತ್ತಿರುವುದರಿಂದ, ವಯಸ್ಕರ ಹಲ್ಲೂ ಹದವಾದ ಬಲಕ್ಕೆ ಮಣಿದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುತ್ತದೆ.

ಹೀಗೆ ವಯಸ್ಸಾದ ಮೇಲೆ ತಂತಿ ಕಟ್ಟಿಸಿಕೊಂಡವರಲ್ಲಿ ಕೆಲವರು, ಚಿಕಿತ್ಸೆ ನಡೆಯುತ್ತಿರುವಾಗಲೋ, ಅದು ಮುಗಿದು ಒಂದೆರಡು ವರ್ಷ ಕಳೆದ ಮೇಲೋ, ವೈದ್ಯರ ಮುಂದಿಡುವ ದೂರೊಂದುಂಟು. ಆಕಳಿಸಿದಾಗ ಕಿವಿಯ ಮುಂದೆ ಲಟಕ್ಕೆಂದು ಸದ್ದಾಗುತ್ತದೆ; ಜೋಳದ ರೊಟ್ಟಿಯನ್ನು ಅಗಿದರೆ ಕೆನ್ನೆ ಸೋಲುತ್ತದೆ; ನಿನ್ನೆ ಕೂಡಿದಂತೆ ಇಂದು ಹಲ್ಲುಗಳು ಕೂಡುವುದಿಲ್ಲ. ಕೀಲಿನ ಚಿತ್ರ ತೆಗೆಸಿದರೆ ವರದಿಯಲ್ಲಿ ‘ಬದಲಾವಣೆ ಕಂಡುಬಂದಿದೆ’ ಎಂಬ ಮಾತು ಇರುತ್ತದೆ, ಮತ್ತು ಆ ಒಂದು ಮಾತೇ ರೋಗಿಯ ನಿದ್ದೆಗೆಡಿಸಲು ಸಾಕಾಗುತ್ತದೆ. ತಂತಿಯೇ ಕೀಲನ್ನು ಕೆಡಿಸಿತೆಂದು ಒಂದು ಪಕ್ಷದವರು ಹೇಳುತ್ತಾರೆ. ತಂತಿ ಕಟ್ಟಿಸಿದರೆ ಕೀಲಿನ ನೋವು ವಾಸಿಯಾಗುತ್ತದೆಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಈ ಎರಡು ಮಾತುಗಳಿಗೂ ಗಟ್ಟಿಯಾದ ಆಧಾರವಿಲ್ಲವೆಂಬುದನ್ನೂ, ಆಧಾರವಿಲ್ಲವೆಂದ ಮಾತ್ರಕ್ಕೆ ವಯಸ್ಕರ ಕೀಲನ್ನು ಪರೀಕ್ಷಿಸದೆ ಅವರ ಹಲ್ಲಿಗೆ ಕೈಹಾಕುವುದು ಸಲ್ಲದೆಂಬುದನ್ನೂ ಇಲ್ಲಿ ವಿವರಿಸಬೇಕೆಂದಿದ್ದೇನೆ.

ಮೊದಲು ಕೀಲನ್ನು ನೋಡೋಣ. ಅದನ್ನು ಕಾಣಲು ಯಂತ್ರವೇನೂ ಬೇಕಿಲ್ಲ. ಎರಡೂ ಕಿವಿಗಳ ರಂಧ್ರದ ಮುಂದೆ ತೋರುಬೆರಳುಗಳನ್ನು ಹಗುರವಾಗಿ ಇಟ್ಟುಕೊಂಡು ಬಾಯನ್ನು ಮೆಲ್ಲಗೆ ತೆರೆದರೆ, ಬೆರಳಿನಡಿಯಲ್ಲಿ ಗುಂಡಗಿನ ಏನೋ ಒಂದು ಮೊದಲು ತಾನಿದ್ದಲ್ಲಿಯೇ ತಿರುಗಿ, ಬಳಿಕ ಮುಂದಕ್ಕೂ ಕೆಳಕ್ಕೂ ಜಾರಿ, ತಾನಿದ್ದ ಜಾಗದಲ್ಲಿ ಸಣ್ಣದೊಂದು ತಗ್ಗನ್ನು ಬಿಟ್ಟುಹೋಗುವುದು ತಿಳಿಯುತ್ತದೆ. ಅದು ಕೆಳದವಡೆಯ ಮೂಳೆಯ ತುದಿ. ವೈದ್ಯರು ಅದನ್ನು ಕಾಂಡೈಲ್ ಎನ್ನುತ್ತಾರೆ, ನಾವು ಕೀಲುತಲೆ ಎನ್ನೋಣ. ಅದು ಕೂಡುವ ಗುಳಿಯು ತಲೆಬುರುಡೆಯ ಕಪೋಲಾಸ್ಥಿಗಿಂತ ಹಿಂದೆ, ಕಿವಿಯನ್ನು ಹೊತ್ತ ಮೂಳೆಯಲ್ಲಿದೆ. ಗುಳಿಗೂ ತಲೆಗೂ ನಡುವೆ ತಂತುಮಯವಾದ ಒಂದು ತೆಳುವಾದ ಬಿಲ್ಲೆಯುಂಟು. ಬಿಲ್ಲೆಯ ಕೆಳಗಿನ ಅರೆಯಲ್ಲಿ ಕೀಲುತಲೆಯು ತಿರುಗುತ್ತದೆ, ಮೇಲಿನ ಅರೆಯಲ್ಲಿ ಬಿಲ್ಲೆಯೊಡನೆ ಕೂಡಿ ಜಾರುತ್ತದೆ. ಬಾಯಿ 40ರಿಂದ 50 ಮಿಲಿಮೀಟರಿನಷ್ಟು ತೆರೆಯಲು ಈ ಎರಡು ಚಲನೆಗಳೂ ಬೇಕು. ಬಿಲ್ಲೆಯ ನಡುಭಾಗದಲ್ಲಿ ರಕ್ತನಾಳವಾಗಲಿ ನರವಾಗಲಿ ಇಲ್ಲದಿರುವುದರಿಂದ ಅದು ಎಷ್ಟು ಒತ್ತಡವನ್ನಾದರೂ ನೋವಿಲ್ಲದೆ ತಾಳಿಕೊಳ್ಳುತ್ತದೆ. ಅದರ ಹಿಂದಿರುವ ಮೃದುವಾದ ಭಾಗವಾದರೋ ನರಗಳಿಂದಲೂ ರಕ್ತನಾಳಗಳಿಂದಲೂ ತುಂಬಿರುವುದರಿಂದ, ಬಿಲ್ಲೆಯು ತನ್ನ ಸ್ಥಾನದಿಂದ ಮುಂದಕ್ಕೆ ಸರಿದು ಕೀಲುತಲೆಯ ಭಾರ ಹಿಂದಿನ ಭಾಗದ ಮೇಲೆ ಬಿದ್ದಾಗ ನೋವುಂಟಾಗುತ್ತದೆ. ಸರಿದ ಬಿಲ್ಲೆಯ ಮೇಲೆ ಕೀಲುತಲೆಯು ಮತ್ತೆ ಹತ್ತಿ ಕೂಡುವ ಕ್ಷಣದಲ್ಲಿ ಕೇಳಿಬರುವುದೇ ಆ ‘ಲಟಕ್’ ಸದ್ದು.

ದೇಹದ ಇತರ ಕೀಲುಗಳಿಂದ ಇದನ್ನು ಬೇರೆಮಾಡುವ ಎರಡು ಸಂಗತಿಗಳಿವೆ. ಕೆಳದವಡೆಯು ಒಂದೇ ಮೂಳೆಯಾದುದರಿಂದ ಬಲಗಡೆಯ ಕೀಲು ಎಡಗಡೆಯದನ್ನು ಬಿಟ್ಟು ಅಲುಗಲಾರದು. ಒಂದರ ದೋಷ ಇನ್ನೊಂದಕ್ಕೆ ತಪ್ಪದೆ ಹೊರೆಯಾಗುತ್ತದೆ. ಎರಡನೆಯದಾಗಿ, ಮೊಣಕಾಲಿನ ಚಲನೆ ಎಲ್ಲಿ ಕೊನೆಗೊಳ್ಳಬೇಕೆಂಬುದನ್ನು ಮೊಣಕಾಲಿನ ಮೂಳೆಗಳೂ ಕಟ್ಟುಗಳೂ ನಿರ್ಧರಿಸುತ್ತವೆ. ದವಡೆ ಮುಚ್ಚಿದಾಗ ಕೀಲುತಲೆಯು ಗುಳಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನಾದರೋ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಪರಸ್ಪರ ಕಚ್ಚಿಕೊಳ್ಳುವ ರೀತಿ ನಿರ್ಧರಿಸುತ್ತದೆ. ಹಲ್ಲನ್ನು ಸರಿಸಿದವನು, ತಿಳಿದೋ ತಿಳಿಯದೆಯೋ, ಕೀಲಿನ ನೆಲೆಯನ್ನೂ ಮುಟ್ಟಿದವನಾಗುತ್ತಾನೆ. ವಿವಾದವೆಲ್ಲ ಹುಟ್ಟಿರುವುದು ಈ ಸಂಬಂಧದಿಂದ.

ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರೂಪವನ್ನು ತಿದ್ದಿಕೊಳ್ಳುತ್ತದೆಯೆಂಬ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ ಪ್ರತಿಪಾದಿಸಿದ್ದನು. ದವಡೆಯ ಕೀಲುತಲೆಯಲ್ಲಿ ಈ ಶಕ್ತಿ ವಿಶೇಷವಾಗಿದೆ. ಮೊಣಕಾಲು, ಸೊಂಟಗಳ ಕೀಲುಗಳ ಮೇಲಿರುವ ಗಾಜಿನಂಥ ನುಣುಪಾದ ಮೃದ್ವಸ್ಥಿಗೆ ಬದಲಾಗಿ ಇಲ್ಲಿ ನಾರುಳ್ಳ ಹೊದಿಕೆಯಿದ್ದು, ಅದರ ಅಡಿಯಲ್ಲಿ ಇನ್ನೂ ನಿಶ್ಚಿತರೂಪವನ್ನು ತಳೆಯದ, ಬೇಕಾದಾಗ ಮೃದ್ವಸ್ಥಿಯನ್ನೋ ಮೂಳೆಯನ್ನೋ ಕಟ್ಟಬಲ್ಲ ಜೀವಕೋಶಗಳ ಪದರವೊಂದು ಬೆಳವಣಿಗೆ ನಿಂತ ತರುವಾಯವೂ ಉಳಿದಿರುತ್ತದೆ. ಕೀಲುತಲೆಯ ಹೊರಗಿನ ಗಟ್ಟಿಕವಚ ಪೂರ್ಣವಾಗಿ ಕೂಡಿಕೊಳ್ಳುವುದು ಇಪ್ಪತ್ತು ದಾಟಿದ ಮೇಲೆ, ಸುಮಾರು 21–22ನೆಯ ವಯಸ್ಸಿನಲ್ಲಿ. ಆ ಬಳಿಕ ಅದು ಉದ್ದವಾಗಿ ಬೆಳೆಯದಿದ್ದರೂ ಒಂದು ಕಡೆ ತುಸು ಸವೆದು ಮತ್ತೊಂದು ಕಡೆ ತುಸು ತುಂಬಿಕೊಂಡು ಹೊಸ ಭಾರಕ್ಕೆ ಹೊಂದಿಕೊಳ್ಳುವುದು ನಿಲ್ಲುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಮಿಲ್ ಹೆರ್ಬ್ಸ್ಟ್ ರೂಪಿಸಿದ, ಕೆಳದವಡೆಯನ್ನು ಹಗಲಿರುಳೂ ಮುಂದಕ್ಕೆ ಹಿಡಿದಿಡುವ ಸಾಧನವೊಂದುಂಟು. ಅದನ್ನು ಮರಳಿ ಬಳಕೆಗೆ ತಂದ ಹಾನ್ಸ್ ಪಾಂಕರ್ಟ್ಸ್ ಮತ್ತು ಅವರ ಸಹೋದ್ಯೋಗಿ ಸಬೀನೆ ರೂಫ್ ಎಂಬ ವಿದುಷಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ಹರೆಯದವರಲ್ಲಿ ಮಾತ್ರವಲ್ಲದೆ ತರುಣ ವಯಸ್ಕರಲ್ಲಿಯೂ ಕೀಲುತಲೆಯು ಹೊಸ ಮೂಳೆಯನ್ನು ಕಟ್ಟಿಕೊಂಡ ಚಿಹ್ನೆಗಳು ಎಂಆರ್‌ಐ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಂಡುಬಂದವು. ಬದಲಾಗುವುದು ಕೀಲಿನ ಸ್ವಭಾವ. ವಯಸ್ಕರ ಕೀಲಿನಲ್ಲಿ ಬದಲಾವಣೆ ಕಂಡಿತೆಂಬುದೇ ರೋಗವಾಯಿತೆಂಬುದಕ್ಕೆ ಸಾಕ್ಷಿಯಾಗಲಾರದು. ಆ ಬದಲಾವಣೆ ಯಾವ ಬಗೆಯದು, ಯಾವ ವೇಗದ್ದು ಎಂಬುದನ್ನು ನೋಡಬೇಕು.

ತಂತಿಯಿಂದ ಕೀಲಿಗೆ ತಲಪುವ ಪ್ರಭಾವವು ಹಲವು ದಾರಿಗಳಲ್ಲಿ ಬರಬಹುದು. ಹಿಂದಿನ ದವಡೆಹಲ್ಲುಗಳು ಗೂಡಿನಿಂದ ಸ್ವಲ್ಪ ಮೇಲೆದ್ದರೆ ಕೆಳದವಡೆಯು ಹಿಂದಕ್ಕೂ ಕೆಳಕ್ಕೂ ವಾಲುತ್ತದೆ. ಮೇಲಿನ ಕೋರೆಹಲ್ಲಿನಿಂದ ಕೆಳಗಿನ ದವಡೆಹಲ್ಲಿಗೆ ಸಿಕ್ಕಿಸುವ ಸಣ್ಣ ರಬ್ಬರ್ ಬ್ಯಾಂಡುಗಳು ಹಲ್ಲನ್ನು ಎಳೆಯುವುದರ ಜೊತೆಗೆ ದವಡೆಯನ್ನೂ ಮುಂದಕ್ಕೆ ಎಳೆಯುತ್ತವೆ. ಹಲ್ಲುಗಳು ಹಳೆಯ ಜಾಗ ಬಿಟ್ಟು ಹೊಸ ಜಾಗ ಸೇರುವ ನಡುವಿನ ತಿಂಗಳುಗಳಲ್ಲಿ ಒಂದೆರಡು ಹಲ್ಲು ಮಾತ್ರ ಮೊದಲು ತಾಗಿ, ದವಡೆಯು ಅವುಗಳಿಂದ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿದು ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಆಗ ಕೀಲಿಗಿಂತ ಮೊದಲು ದಣಿಯುವುದು ಅಗಿಯುವ ಸ್ನಾಯುಗಳು. ಇವೆಲ್ಲ ನಿಜವಾದರೂ, ಚಿಕಿತ್ಸೆಯ ಮೊದಲು ಮತ್ತು ಬಳಿಕ ತೆಗೆದ ಚಿತ್ರಗಳನ್ನು ಹೋಲಿಸಿದಾಗ ಕೀಲುತಲೆಯ ಸ್ಥಾನದಲ್ಲಿ ಕಾಣುವ ವ್ಯತ್ಯಾಸ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಮೆಯಾಗಿದ್ದು, ಆರೋಗ್ಯವಂತ ಕೀಲು ಅದನ್ನು ಸದ್ದಿಲ್ಲದೆ ಅರಗಿಸಿಕೊಳ್ಳುತ್ತದೆ. ಚಿಕಿತ್ಸೆ ನಡೆಯುವಾಗ ಕೆಲವರ ಹಳೆಯ ನೋವು ಕಡಮೆಯಾಗುವುದೂ ಉಂಟು. ಹಲ್ಲುಗಳು ಮುಟ್ಟಿದರೆ ನೋಯುವಂತಿರುವಾಗ ರಾತ್ರಿ ಹಲ್ಲು ಕಡಿಯುವವರೂ ಹಗಲು ಹಲ್ಲು ಬಿಗಿಹಿಡಿಯುವವರೂ ತಮಗರಿಯದೆಯೇ ಆ ಅಭ್ಯಾಸವನ್ನು ಸಡಿಲಿಸುತ್ತಾರೆ. ಅದೇ ಇದಕ್ಕೆ ಕಾರಣವಿರಬೇಕೆಂದು ಅನೇಕ ತಜ್ಞರು ಭಾವಿಸುತ್ತಾರೆ. ಹಾಗಿದ್ದಲ್ಲಿ, ತಂತಿ ಬಿಚ್ಚಿದ ಮೇಲೆ ಹಳೆಯ ಅಭ್ಯಾಸ ಮರಳಿದಾಗ ಹಳೆಯ ನೋವೂ ಮರಳುವುದು ಸಹಜ, ಮತ್ತು ಆ ನೋವಿನ ಹೊಣೆಯನ್ನು ಆಗತಾನೆ ಮುಗಿದ ಚಿಕಿತ್ಸೆಯ ಮೇಲೆ ಹೊರಿಸುವುದೂ ಅಷ್ಟೇ ಸಹಜ.

ಹಲ್ಲಿನ ಕಚ್ಚುವಿಕೆಗೂ ಕೀಲಿನ ನೋವಿಗೂ ಗಂಟುಹಾಕುವ ವಾಡಿಕೆ ಹೊಸದಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ಎಂಬಾತನು, ಹಿಂದಿನ ಹಲ್ಲುಗಳನ್ನು ಕಳೆದುಕೊಂಡವರ ದವಡೆಯು ಅತಿಯಾಗಿ ಮುಚ್ಚಿಕೊಂಡು ಕಿವಿಯ ಸುತ್ತಲಿನ ಭಾಗಗಳನ್ನು ಒತ್ತುವುದರಿಂದಲೇ ಕಿವಿನೋವು, ಮಂದಶ್ರವಣ, ತಲೆಸುತ್ತುಗಳು ಬರುತ್ತವೆಂದು ಬರೆದನು. ಅವನ ವಿವರಣೆಯಲ್ಲಿದ್ದ ಅಂಗರಚನೆಯ ದೋಷಗಳನ್ನು ಬಲ್ಲವರು ಮುಂದೆ ತೋರಿಸಿಕೊಟ್ಟರಾದರೂ, ಹಲ್ಲು ಸರಿಯಾದರೆ ಕೀಲು ಸರಿಯಾದೀತೆಂಬ ನಂಬಿಕೆ ದಂತವೈದ್ಯರಲ್ಲಿ ಬೇರೂರಿತು. ಈ ನೋವಿನ ಬಹುಪಾಲು ಸ್ನಾಯುಗಳದೆಂದೂ, ಮನಸ್ಸಿನ ಬಿಗಿತಕ್ಕೂ ಸ್ನಾಯುಗಳ ಬಿಗಿತಕ್ಕೂ ಸಂಬಂಧವಿದೆಯೆಂದೂ 1969ರಲ್ಲಿ ಡೇನಿಯಲ್ ಲಾಸ್ಕಿನ್ ವಾದಿಸಿದ ಮೇಲೆ ಚರ್ಚೆಯ ದಿಕ್ಕು ಬದಲಾಯಿತು.

ಆದರೆ ವಿಷಯವನ್ನು ವಿದ್ವಾಂಸರ ಕೋಣೆಯಿಂದ ಬೀದಿಗೆ ತಂದದ್ದು 1987ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ತೀರ್ಮಾನವಾದ ಒಂದು ಮೊಕದ್ದಮೆ. ಮುಂದಿನ ಹಲ್ಲುಗಳನ್ನು ಹಿಂದಕ್ಕೆ ತರಲು ಮೇಲಿನ ಸಣ್ಣ ದವಡೆಹಲ್ಲುಗಳನ್ನು ಕೀಳಿಸಿ, ತಲೆಗೆ ಪಟ್ಟಿಕಟ್ಟುವ ಸಾಧನದಿಂದ ಎಳೆಸಿದ್ದರಿಂದ ತನ್ನ ಕೀಲು ಕೆಟ್ಟಿತೆಂದು ತರುಣಿಯೊಬ್ಬಳು ಹೂಡಿದ ದಾವೆಯಲ್ಲಿ, ಪಂಚರ ಮಂಡಳಿಯು ಅವಳ ಮಾತನ್ನೊಪ್ಪಿ ವೈದ್ಯನು ಭಾರಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಹಲ್ಲು ಕಿತ್ತು ಮುಂಭಾಗವನ್ನು ಹಿಂದಕ್ಕೆಳೆದರೆ ಕೆಳದವಡೆಯು ಸಿಕ್ಕಿಬಿದ್ದು ಕೀಲುತಲೆಯು ಹಿಂದಕ್ಕೆ ತಳ್ಳಲ್ಪಡುತ್ತದೆಂಬುದು ಅಲ್ಲಿ ಮಂಡಿಸಿದ ತರ್ಕ. ಕೇಳುವವರಿಗೆ ಅದು ಸರಳವಾಗಿಯೂ ನಂಬುವಂತೆಯೂ ಇದ್ದಿತು. ಆದರೆ ಆ ಹೊತ್ತಿಗೆ ಅದನ್ನು ಸಮರ್ಥಿಸುವ ಅಥವಾ ಅಲ್ಲಗಳೆಯುವ ದೃಢವಾದ ಸಂಶೋಧನೆ ಯಾರ ಕೈಯಲ್ಲಿಯೂ ಇರಲಿಲ್ಲ. ಆ ಕೊರತೆಯನ್ನು ತುಂಬಲು ಅಮೆರಿಕದ ವಕ್ರದಂತ ಚಿಕಿತ್ಸಕರ ಸಂಘವು ಹಣವೊದಗಿಸಿ ಸಂಶೋಧನೆಗಳನ್ನು ಮಾಡಿಸಿತು. ನ್ಯಾಯಾಲಯದ ಹೆದರಿಕೆಯಿಂದ ಹುಟ್ಟಿದ ವಿದ್ಯೆಯಾದರೂ ಅದರಿಂದ ರೋಗಿಗಳಿಗೂ ವೈದ್ಯರಿಗೂ ಉಪಕಾರವೇ ಆಯಿತು.

ಮ್ಯಾಕ್‌ನಮಾರ, ಸೆಲಿಗ್ಮನ್, ಓಕ್ಸನ್ ಎಂಬ ಮೂವರು 1995ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ ಬರೆದ ಸಮೀಕ್ಷೆಯ ನಿರ್ಣಯಗಳು ಇಂದಿಗೂ ಬಹುಮಟ್ಟಿಗೆ ನಿಂತಿವೆ. ಹರೆಯದಲ್ಲಿ ತಂತಿ ಕಟ್ಟಿಸಿಕೊಂಡವರಿಗೆ ಮುಂದೆ ಕೀಲಿನ ತೊಂದರೆ ಬರುವ ಸಂಭವ ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ಹಲ್ಲು ಕೀಳಿಸಿದ್ದರಿಂದಾಗಲಿ ಇಂಥದೇ ಸಾಧನವನ್ನು ಬಳಸಿದ್ದರಿಂದಾಗಲಿ ಅಪಾಯ ಏರುವುದಿಲ್ಲ. ಶಾಸ್ತ್ರಗ್ರಂಥಗಳ ಆದರ್ಶಕ್ಕೆ ಸರಿಯಾಗಿ ಹಲ್ಲು ಕೂಡದಿದ್ದ ಮಾತ್ರಕ್ಕೆ ಕೀಲು ಕೆಡುವುದಿಲ್ಲ. ಸ್ವೀಡನ್ ದೇಶದಲ್ಲಿ 402 ಮಕ್ಕಳನ್ನು ಇಪ್ಪತ್ತು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ವರದಿಯೂ, ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ 1981ರಿಂದ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಹಿಂಬಾಲಿಸಿ 2009ರಲ್ಲಿ ಹೊರಬಂದ ವರದಿಯೂ ಇದೇ ಕಡೆಗೆ ಬೆರಳುಮಾಡಿದುವು. ಇನ್ನು ತಂತಿಯಿಂದ ಕೀಲಿನ ಬೇನೆಯನ್ನು ಗುಣಪಡಿಸಬಹುದೆಂಬ ಮಾತಿಗೆ ಸಾಕ್ಷಿಯುಂಟೇ ಎಂದು 2010ರಲ್ಲಿ, ಚಿಕಿತ್ಸೆಗಳ ಸಾಕ್ಷ್ಯವನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ ಸಮೀಕ್ಷಕರು ಹುಡುಕಿದಾಗ, ವಿಶ್ವಾಸಕ್ಕೆ ತಕ್ಕ ಪ್ರಯೋಗದ ಆಧಾರ ಅವರಿಗೆ ದೊರೆಯಲಿಲ್ಲ. ಕೀಲುನೋವಿಗೆ ಪರಿಹಾರವೆಂದು ಹೇಳಿ ಎರಡು ವರ್ಷಗಳ, ಬಹಳ ಖರ್ಚಿನ ಹಲ್ಲಿನ ಚಿಕಿತ್ಸೆಯನ್ನು ಯಾರಾದರೂ ಮುಂದಿಟ್ಟರೆ ಅದನ್ನು ಒಪ್ಪಬಾರದೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಹಲ್ಲಿನ ಓರಣಕ್ಕೆಂದು, ಅಗಿಯುವ ಅನುಕೂಲಕ್ಕೆಂದು, ಮುಖದ ಚೆಲುವಿಗೆಂದು ತಂತಿ ಕಟ್ಟಿಸಿಕೊಳ್ಳಬಹುದು. ಅವು ಸಾಕಷ್ಟು ಒಳ್ಳೆಯ ಕಾರಣಗಳೇ.

ಇಷ್ಟಾದರೂ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಈ ದೊಡ್ಡ ಅಧ್ಯಯನಗಳಲ್ಲಿ ಚಿಕಿತ್ಸೆ ಪಡೆದವರು ಬಹುಪಾಲು ಮಕ್ಕಳು ಮತ್ತು ಹರೆಯದವರು. ವಯಸ್ಕರು ಕುರ್ಚಿಯಲ್ಲಿ ಬಂದು ಕೂಡುವಾಗ ಬೆಳೆಯುವ ಕೀಲನ್ನು ತರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಅಗಿದ, ಕಡಿದ, ಒಮ್ಮೊಮ್ಮೆ ಪೆಟ್ಟುತಿಂದ ಕೀಲನ್ನು ತರುತ್ತಾರೆ. ಯಾವ ದೂರೂ ಇಲ್ಲದ ಸ್ವಸ್ಥರ ಕೀಲುಗಳನ್ನು ಎಂಆರ್‌ಐ ಮಾಡಿ ನೋಡಿದವರಿಗೆ ಸುಮಾರು ಮೂವರಲ್ಲಿ ಒಬ್ಬರ ಬಿಲ್ಲೆ ತನ್ನ ಸ್ಥಾನ ಬಿಟ್ಟಿರುವುದು ಕಂಡಿದೆ. ಅಲ್ಲದೆ ಕೀಲಿನ ಬೇನೆ ಹೆಚ್ಚಾಗಿ ತಲೆಯೆತ್ತುವುದು ಇಪ್ಪತ್ತರಿಂದ ನಲವತ್ತರ ನಡುವಿನ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ. ವಯಸ್ಕರಲ್ಲಿ ತಂತಿ ಕಟ್ಟಿಸಿಕೊಳ್ಳುವವರೂ ಹೆಚ್ಚಾಗಿ ಇದೇ ವಯಸ್ಸಿನವರು. ಎರಡೂ ಒಂದೇ ಕಾಲಕ್ಕೆ ಕೂಡಿಬಂದಾಗ ಒಂದು ಇನ್ನೊಂದರ ಫಲವೆಂದು ತೋರುವುದು ಮನುಷ್ಯಬುದ್ಧಿಗೆ ಸಹಜ. ಅಮೆರಿಕದಲ್ಲಿ ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ನೋವಿಲ್ಲದ ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ಫಲಿತಗಳನ್ನು ಪ್ರಕಟಿಸಿದ ‘ಆಪೆರಾ’ ಅಧ್ಯಯನದಲ್ಲಿ, ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ಈ ಬೇನೆ ಹೊಸದಾಗಿ ಕಾಣಿಸಿಕೊಂಡಿತು. ಯಾರಿಗೆ ಬಂದೀತೆಂಬುದನ್ನು ಮುಂಚಿತವಾಗಿ ಸೂಚಿಸಿದವುಗಳಲ್ಲಿ ಪ್ರಬಲವಾದವು ದೇಹದಲ್ಲಿ ಬೇರೆಡೆಯ ನೋವುಗಳು, ಇತರ ಕಾಯಿಲೆಗಳು, ಕಾರಣ ತಿಳಿಯದ ದೈಹಿಕ ಅಸ್ವಾಸ್ಥ್ಯದ ಲಕ್ಷಣಗಳು.

ವಯಸ್ಕರ ವಿಷಯದಲ್ಲಿ ವೈದ್ಯನು ಎಡವುವ ಸಂಭವ ಅತ್ಯಂತ ಹೆಚ್ಚಾಗಿರುವ ಒಂದು ಸ್ಥಳವುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿರುವವರು, 1899ರಲ್ಲಿ ಎಡ್ವರ್ಡ್ ಆಂಗಲ್ ಮಾಡಿದ ವಿಂಗಡಣೆಯಂತೆ ಎರಡನೆಯ ವರ್ಗದವರು, ಎಷ್ಟೋ ವರ್ಷಗಳಿಂದ ಕನ್ನಡಿಯ ಮುಂದೆಯೂ ಜನರ ಮುಂದೆಯೂ ದವಡೆಯನ್ನು ತುಸು ಮುಂದಕ್ಕೆ ಚಾಚಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ರಬ್ಬರ್ ಬ್ಯಾಂಡು ಹಾಕಿದಾಗ ಆ ಅಭ್ಯಾಸಕ್ಕೆ ಮತ್ತಷ್ಟು ಬಲ ಬರುತ್ತದೆ. ಬಾಯಿ ಮುಚ್ಚಿ ಎಂದರೆ ಅವರು ಚಾಚಿದ ಸ್ಥಿತಿಯಲ್ಲಿಯೇ ಮುಚ್ಚುತ್ತಾರೆ. ಹಲ್ಲುಗಳು ಸೊಗಸಾಗಿ ಕೂಡಿದಂತೆ ಕಾಣುತ್ತವೆ. ವೈದ್ಯನು ತೃಪ್ತನಾಗಿ ತಂತಿ ಬಿಚ್ಚುತ್ತಾನೆ. ಆದರೆ ಕೀಲುತಲೆಯು ಗುಳಿಯ ನಡುವಿನಲ್ಲಿ ಇಲ್ಲ, ಅದರ ಮುಂದಿನ ಇಳಿಜಾರಿನಲ್ಲಿ ಸ್ನಾಯುಗಳ ಬಲದಿಂದ ನಿಂತಿದೆ. ಬೆಳೆಯುವ ಮಗುವಿನ ಕೀಲಾಗಿದ್ದರೆ ಆ ತೆರವಿನತ್ತ ಮೂಳೆ ಕಟ್ಟಿಕೊಂಡು ಬಂದೀತು. ವಯಸ್ಕರಲ್ಲಿ ಅಷ್ಟು ದೊಡ್ಡ ಹೊಂದಾಣಿಕೆಯನ್ನು ನೆಚ್ಚಿ ಕೂಡಲಾಗದು. ನಿದ್ದೆಯಲ್ಲಿ ಸ್ನಾಯುಗಳು ಸಡಿಲಿದಾಗ ದವಡೆ ತನ್ನ ಹಿಂದಿನ ನೆಲೆಗೆ ಮರಳುತ್ತದೆ, ಹಿಂದಿನ ನೆಲೆಯಲ್ಲಿ ಹಲ್ಲುಗಳು ಕೂಡುವುದಿಲ್ಲ, ಎಚ್ಚರವಾದೊಡನೆ ಸ್ನಾಯುಗಳು ಮತ್ತೆ ದವಡೆಯನ್ನು ಮುಂದಕ್ಕೆಳೆಯಬೇಕು. ಹೀಗೆ ಎರಡು ಕಚ್ಚುವಿಕೆಗಳ ನಡುವೆ ತೂಗಾಡುವ ರೋಗಿಗೆ ಕೆನ್ನೆ, ಕಣತಲೆ, ಕರ್ಣಮೂಲಗಳಲ್ಲಿ ನೋವು ಬರುವುದು ಆಶ್ಚರ್ಯವಲ್ಲ. ಪಾಶ್ಚಾತ್ಯ ದೇಶಗಳ ದಂತವೈದ್ಯರು ಇದಕ್ಕೆ ‘ಸಂಡೇ ಬೈಟ್’ ಎಂಬ ಹೆಸರನ್ನಿಟ್ಟಿದ್ದಾರೆ. ಇದನ್ನು ತಪ್ಪಿಸುವ ಉಪಾಯ ಕಷ್ಟದ್ದೇನಲ್ಲ, ತಾಳ್ಮೆಯದು: ಅನುಮಾನವಿದ್ದಲ್ಲಿ ಹಲ್ಲುಗಳು ಪರಸ್ಪರ ತಾಗದಂತೆ ನಡುವೆ ಗಟ್ಟಿ ಅಕ್ರಿಲಿಕ್ಕಿನ ನುಣುಪಾದ ಸ್ಪ್ಲಿಂಟನ್ನು ಕೆಲವು ವಾರಗಳೋ ತಿಂಗಳುಗಳೋ ಹಾಕಿಸಿ, ಸ್ನಾಯುಗಳು ತಮ್ಮ ಹಳೆಯ ರೂಢಿಯನ್ನು ಮರೆತ ಮೇಲೆ ದವಡೆಯು ಎಲ್ಲಿ ನೆಲೆಗೊಳ್ಳುತ್ತದೆಂಬುದನ್ನು ಗುರುತಿಸಿ, ಆ ನೆಲೆಯಿಂದ ಚಿಕಿತ್ಸೆಯ ಯೋಜನೆಯನ್ನು ಆರಂಭಿಸತಕ್ಕದ್ದು.

ಇನ್ನು ಚಿತ್ರಗಳ ವಿಷಯ. 1990ರ ದಶಕದ ಕೊನೆಯಲ್ಲಿ ದಂತವೈದ್ಯಕ್ಕೆ ಬಂದ ಸಿಬಿಸಿಟಿ ಎಂಬ ಕ್ಷಕಿರಣ ಯಂತ್ರವು ಕೀಲುತಲೆಯನ್ನು ತೆಳು ತೆಳು ಹೋಳುಗಳಾಗಿ ಕತ್ತರಿಸಿದಂತೆ ತೋರಿಸುತ್ತದೆ. ಆದರೆ ಮೂಳೆಯನ್ನಲ್ಲದೆ ಬಿಲ್ಲೆಯನ್ನು ತೋರಿಸಲಾರದು. ಬಿಲ್ಲೆಯನ್ನೂ ಕೀಲಿನ ರಸವನ್ನೂ ನೋಡಬೇಕಾದರೆ ಎಂಆರ್‌ಐ ಬೇಕು. ಸಿಬಿಸಿಟಿ ಚಿತ್ರದಲ್ಲಿ ಕೀಲುತಲೆಯ ಮೇಲಂಚು ಒಂದೆಡೆ ಚಪ್ಪಟೆಯಾಗಿರುವುದೋ, ಮೇಲ್ಪದರದಡಿಯ ಮೂಳೆ ತುಸು ದಟ್ಟವಾಗಿರುವುದೋ ಕಂಡರೆ ಅಷ್ಟರಿಂದಲೇ ರೋಗವೆನ್ನಲಾಗದೆಂದು ತಜ್ಞರು ಒಪ್ಪಿದ ವಿಂಗಡಣೆಯು ಹೇಳುತ್ತದೆ. ಅವು ಹೊಂದಾಣಿಕೆಯ ಗುರುತುಗಳೂ ಆಗಿರಬಹುದು. ಬಿಳಿಯ ಗಟ್ಟಿ ಅಂಚಿನ ಗೆರೆ ನಡುವೆ ತುಂಡಾಗಿ ಒಳಗೆ ತಿಂದುಹೋದಂತಿರುವುದು, ಮೂಳೆಯಲ್ಲಿ ಗುಳ್ಳೆಯಂಥ ಟೊಳ್ಳು, ಮುಂದಿನ ಅಂಚಿನಿಂದ ಕೊಕ್ಕಿನಂತೆ ಹೊರಚಾಚಿದ ಮೂಳೆ: ಇವು ಸವಕಳಿಯ ಕಾಯಿಲೆಯ ಲಕ್ಷಣಗಳು. ವರದಿಯಲ್ಲಿ ಬರೆದ ‘ಬದಲಾವಣೆ’ ಈ ಎರಡರಲ್ಲಿ ಯಾವುದೆಂದು ಕೇಳಿ ತಿಳಿಯುವ ಹಕ್ಕು ರೋಗಿಗಿದೆ. ಗಟ್ಟಿ ಅಂಚು ಮತ್ತೆ ಕೂಡಿಕೊಂಡು ಸವಕಳಿಯು ತಣ್ಣಗಾಗುವುದೂ ಉಂಟು; ಒಂದು ಚಿತ್ರದಿಂದ ಅದು ತಿಳಿಯದು, ತಿಂಗಳುಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ನಿಜವಾಗಿಯೂ ಭಯಪಡಬೇಕಾದ ಸ್ಥಿತಿ ಒಂದಿದೆ. ಅದು ವಿರಳವಾದುದರಿಂದಲೇ ಕಣ್ತಪ್ಪಿಹೋಗುತ್ತದೆ. ಕೆಲವರಲ್ಲಿ, ಮುಖ್ಯವಾಗಿ ಹದಿಹರೆಯದಿಂದ ಮೂವತ್ತೈದರ ಒಳಗಿನ ಹೆಂಗಸರಲ್ಲಿ, ಎರಡೂ ಕೀಲುತಲೆಗಳು ಸ್ಪಷ್ಟವಾದ ಕಾರಣ ತೋರದೆ ಕ್ರಮೇಣ ಕರಗಿ ಗಿಡ್ಡವಾಗುತ್ತವೆ. ಕೀಲುತಲೆ ಗಿಡ್ಡವಾದಂತೆ ಕೆಳದವಡೆಯು ಹಿಂದಕ್ಕೆ ವಾಲುತ್ತದೆ, ಗಲ್ಲ ಒಳಸರಿಯುತ್ತದೆ, ಹಿಂದಿನ ಹಲ್ಲುಗಳು ಮೊದಲು ತಾಗಿ ಮುಂದಿನ ಬಾಚಿಹಲ್ಲುಗಳ ನಡುವೆ ತೆರಪು ಬೀಳುತ್ತದೆ. ನೋವು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇದನ್ನು ಕಾರಣ ತಿಳಿಯದ ಕೀಲುತಲೆಯ ಕರಗುವಿಕೆ ಎನ್ನುತ್ತಾರೆ. ಹಾರ್ಮೋನುಗಳ ಪಾತ್ರವಿದೆಯೆಂಬ ಊಹೆಯೂ, ಕೀಲಿನ ಮೇಲೆ ಭಾರ ಹೆಚ್ಚಿದಾಗ ಇದು ಕೆರಳುತ್ತದೆಂಬ ಊಹೆಯೂ ಉಂಟು. ತಂತಿಯ ಚಿಕಿತ್ಸೆಯ ಕಾಲದಲ್ಲಿಯೂ, ದವಡೆಯನ್ನು ಕತ್ತರಿಸಿ ಮುಂದಿಡುವ ಶಸ್ತ್ರಚಿಕಿತ್ಸೆಯ ತರುವಾಯವೂ ಇದು ಕಾಣಿಸಿಕೊಂಡ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಸಂಧಿವಾತದಿಂದಲೂ ಇಂಥದೇ ನಾಶ ಆಗಬಹುದಾದುದರಿಂದ ರಕ್ತಪರೀಕ್ಷೆ ಮಾಡಿಸಿ ಅದನ್ನು ಬೇರೆಮಾಡಿಕೊಳ್ಳಬೇಕು. ದುರಂತವೆಂದರೆ, ಮುಂದಿನ ಹಲ್ಲುಗಳು ಕೂಡುತ್ತಿಲ್ಲವೆಂಬ ಒಂದೇ ದೂರನ್ನು ಹೊತ್ತು ಬಂದ ಇಂಥ ರೋಗಿಗೆ, ಕೀಲನ್ನು ನೋಡದೆ, ಮುಂದಿನ ಹಲ್ಲುಗಳನ್ನು ಎಳೆದು ಕೂಡಿಸಲು ತಂತಿ ಕಟ್ಟಿಬಿಡುವುದು. ಕೀಲು ಕರಗುತ್ತಿರುವಷ್ಟು ಕಾಲ ವೈದ್ಯನು ಹಿಂದಿನಿಂದ ಓಡುತ್ತಿರಬೇಕಾಗುತ್ತದೆ. ಅವನು ಕೂಡಿಸಿದಷ್ಟನ್ನು ಕೀಲು ಅಗಲಿಸುತ್ತದೆ. ಕರಗುವಿಕೆ ನಡೆಯುತ್ತಿದೆಯೇ ನಿಂತಿದೆಯೇ ಎಂಬುದನ್ನು ಟೆಕ್ನಿಷಿಯಮ್ ದ್ರವ್ಯವನ್ನು ಚುಚ್ಚಿ ಮಾಡುವ ಮೂಳೆಯ ಸ್ಕ್ಯಾನಿನಿಂದಲೂ, ಕಾಲಾಂತರದ ಚಿತ್ರಗಳಿಂದಲೂ ಅಂದಾಜು ಮಾಡಿ, ನಿಂತಿತೆಂದು ಖಚಿತವಾದ ಮೇಲೆ ಹಲ್ಲಿಗೆ ಕೈಹಾಕುವುದೇ ವಿವೇಕ.

ಇದಕ್ಕೆಲ್ಲ ಮೊದಲ ಹೆಜ್ಜೆಯಾದ ಕೀಲಿನ ಪರೀಕ್ಷೆಗೆ ಬೇಕಾಗುವುದು ಹತ್ತು ನಿಮಿಷ. ಬಾಯಿ ಎಷ್ಟು ತೆರೆಯುತ್ತದೆ, ತೆರೆಯುವಾಗ ಗಲ್ಲ ನೇರವಾಗಿ ಇಳಿಯುತ್ತದೆಯೋ ಒಂದು ಪಕ್ಕಕ್ಕೆ ಎಳೆಯುತ್ತದೆಯೋ, ಸದ್ದು ಎಲ್ಲಿ ಬರುತ್ತದೆ, ಕೆನ್ನೆಯ ಮತ್ತು ಕಣತಲೆಯ ಸ್ನಾಯುಗಳನ್ನು ಒತ್ತಿದರೆ ನೋಯುತ್ತದೆಯೆ, ದವಡೆ ಎಂದಾದರೂ ಸಿಕ್ಕಿಹಾಕಿಕೊಂಡದ್ದುಂಟೆ ಎಂಬುದನ್ನು ಬರೆದಿಟ್ಟುಕೊಳ್ಳುವುದು. ಕ್ಲಿಪ್ಪು ಹಾಕುವ ಮುನ್ನ ಇಷ್ಟನ್ನು ಮಾಡದ ವೈದ್ಯನು, ಹಳೆಯ ಸದ್ದನ್ನು ತನ್ನ ತಂತಿಯೇ ತಂದಿತೆಂದು ರೋಗಿ ನಾಳೆ ಹೇಳಿದರೆ ಉತ್ತರಿಸಲಾರನು. ಮನೆಯಲ್ಲಿ ನೋಡಿಕೊಳ್ಳುವ ಸುಲಭದ ಅಳತೆಯೂ ಒಂದುಂಟು: ತಮ್ಮ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ಸಲೀಸಾಗಿ ತೂರಿಸಲಾದರೆ ಬಾಯಿ ತಕ್ಕಷ್ಟು ತೆರೆಯುತ್ತದೆಂದು ತಿಳಿಯಬಹುದು. ಅದು ಆಗದಿದ್ದರೆ ತಪ್ಪೆಲ್ಲ ಕೀಲಿನದೇ ಎಂದು ನಮ್ಮ ನಾಡಿನಲ್ಲಿ ತೀರ್ಮಾನಿಸುವಂತಿಲ್ಲ. ಅಡಿಕೆ ಮತ್ತು ಗುಟ್ಕಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಖಾರ ಮುಟ್ಟಿಸಿದರೆ ಉರಿಯುವಂತಾಗಿ ಬಾಯಿ ಕ್ರಮೇಣ ಬಿಗಿದುಕೊಳ್ಳುವ ಕಾಯಿಲೆಯೊಂದು ನಮ್ಮಲ್ಲಿ ಸಾಮಾನ್ಯವಾಗಿದ್ದು, ಅದು ಮುಂದೆ ಬಾಯಿಯ ಕ್ಯಾನ್ಸರಿಗೆ ದಾರಿಯಾಗಬಹುದು. ಬಾಯಿ ತೆರೆಯದವರನ್ನು ಕೀಲಿನ ರೋಗಿಯೆಂದು ಬಗೆದು ಕೆನ್ನೆಯ ಒಳಭಾಗವನ್ನು ನೋಡದೆ ಬಿಡುವುದು ದೊಡ್ಡ ಅಪಚಾರ.

ಚಿಕಿತ್ಸೆಯ ನಡುವೆ ನೋವು ಬಂದರೆ ತಂತಿಯನ್ನು ಕೂಡಲೇ ಕಿತ್ತೆಸೆಯಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ರಬ್ಬರ್ ಬ್ಯಾಂಡುಗಳನ್ನು ಬಿಡಿಸಿ, ಬಲವನ್ನು ತಗ್ಗಿಸಿ, ಎತ್ತರವಾಗಿ ತಾಗುವ ಹಲ್ಲನ್ನು ಸರಿಪಡಿಸಿ, ಕೆಲವು ವಾರ ಕಾದುನೋಡುವುದು. ಆ ಕಾಲದಲ್ಲಿ ಚಕ್ಕುಲಿ, ಕೋಡುಬಳೆ, ಕಬ್ಬು, ಒಣರೊಟ್ಟಿಗಳನ್ನು ಬಿಟ್ಟು ಅನ್ನ, ಮುದ್ದೆ, ಇಡ್ಲಿಗಳಂಥ ಮೆತ್ತನೆಯದನ್ನು ಉಣ್ಣುವುದು. ಬಿಸಿನೀರಿನ ಬಟ್ಟೆಯಿಂದ ಕೆನ್ನೆಗೆ ಕಾವು ಕೊಡುವುದು. ಆಕಳಿಸುವಾಗ ಗಲ್ಲದಡಿ ಮುಷ್ಟಿಯನ್ನಿಟ್ಟುಕೊಳ್ಳುವುದು. ಊಟದ ಹೊತ್ತಿನಲ್ಲಲ್ಲದೆ ಉಳಿದ ವೇಳೆ ತುಟಿ ಮುಚ್ಚಿದ್ದರೂ ಹಲ್ಲುಗಳು ತಾಗದಂತೆ ದವಡೆಯನ್ನು ಸಡಿಲವಾಗಿ ಬಿಡುವುದು. ಬಹುಮಂದಿಗೆ ಇಷ್ಟರಿಂದಲೇ ಗುಣ ಕಾಣುತ್ತದೆ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಮ್ಮೇಳನವೂ ಹಿಂತೆಗೆದುಕೊಳ್ಳಬಹುದಾದ ಸೌಮ್ಯ ಉಪಾಯಗಳಿಂದಲೇ ಆರಂಭಿಸಬೇಕೆಂಬ ಕಡೆಗೆ ಒಲವು ತೋರಿತು. ಹಲ್ಲುಗಳನ್ನು ಉಜ್ಜಿ ಸವೆಸುವುದು, ಕೀಲನ್ನು ತೆರೆದು ಕೊಯ್ಯುವುದು ಮುಂತಾದ, ಒಮ್ಮೆ ಮಾಡಿದರೆ ಮರಳಿಸಲಾಗದ ಕ್ರಮಗಳಿಗೆ ಮೊದಲಿಗೇ ಅವಸರಪಡುವವರಿಂದ ದೂರವಿರುವುದು ಒಳಿತು.

ತಂತಿ ಬಿಚ್ಚಿದ ಬಳಿಕ ಹಲ್ಲನ್ನು ಹಿಡಿದಿಡುವ ತಟ್ಟೆಯನ್ನೋ ಹಿಂಬದಿಗೆ ಅಂಟಿಸಿದ ಸಣ್ಣ ತಂತಿಯನ್ನೋ ಎಲ್ಲರೂ ಕೊಡುತ್ತಾರೆ. ಕೀಲಿನ ವಿಷಯವನ್ನು ಆಗ ಯಾರೂ ಎತ್ತುವುದಿಲ್ಲ. ಒಂದೆರಡು ವರ್ಷಗಳಲ್ಲಿ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹೊದೆಯುವುದು ಕಡಮೆಯಾಗುತ್ತ ಬಂದರೆ, ಮುಂದಿನ ಹಲ್ಲಿನಲ್ಲಿ ಕೊತ್ತಂಬರಿ ಸೊಪ್ಪಿನ ಎಸಳನ್ನೂ ಕಡಿಯಲಾಗದಂತಾದರೆ, ಗಲ್ಲ ಹಿಂದೆ ಸರಿದಂತೆ ಮನೆಯವರಿಗೆ ತೋರಿದರೆ, ಹಲ್ಲು ಮತ್ತೆ ಜಾರಿತೆಂದು ಇನ್ನೊಮ್ಮೆ ತಂತಿ ಕಟ್ಟಿಸುವ ಮುನ್ನ ಕೀಲಿನ ಚಿತ್ರ ತೆಗೆಸತಕ್ಕದ್ದು. ಆ ಚಿತ್ರಕ್ಕೆ ಬೆಲೆ ಬರುವುದು ಹೋಲಿಸಲು ಹಳೆಯದೊಂದು ಇದ್ದಾಗ. ಆದುದರಿಂದ ಚಿಕಿತ್ಸೆಯ ಮೊದಲಿನ ಮತ್ತು ಕೊನೆಯ ಕ್ಷಕಿರಣ ಚಿತ್ರಗಳು, ಹಲ್ಲಿನ ಅಚ್ಚುಗಳು, ಮುಖದ ಫೋಟೋಗಳು, ಮೊದಲ ದಿನದ ಕೀಲಿನ ಪರೀಕ್ಷೆಯ ಟಿಪ್ಪಣಿ, ಇವುಗಳ ಪ್ರತಿಯನ್ನು ತಂತಿ ಬಿಚ್ಚುವ ದಿನವೇ ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಬೇಕು. ಉದ್ಯೋಗಕ್ಕಾಗಿ ಊರೂರು ತಿರುಗುವ ಈ ಕಾಲದಲ್ಲಿ, ಐದು ವರ್ಷಗಳ ಮೇಲೆ ಪರಿಶೀಲಿಸುವ ವೈದ್ಯರು ಇನ್ನೊಂದು ಊರಿನವರಾಗಿರುವ ಸಂಭವವೇ ಹೆಚ್ಚು, ಮತ್ತು ಕೀಲು ಬದಲಾದದ್ದು ಯಾವಾಗಿನಿಂದ ಎಂಬುದನ್ನು ಅವರು ಆ ಕಾಗದಗಳಿಂದಲ್ಲದೆ ಬೇರೆ ಯಾವುದರಿಂದಲೂ ತಿಳಿಯಲಾರರು.